ಅಜ್ಜನ ಕಾಲದ ಮಾನ್ಲಿಕರ್ ಕೋವಿ, .256 ಬೋರು. ತೋಟೆ (ಕಾರ್ಟ್ರಿಜ್) ಸಿಗುದಿಲ್ಲ, ಇಟ್ಟುಕೊಳ್ಳುದಾ ಕೊಡುದಾ?

ತೋಟದಮನೆ_ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟ. ಅಪ್ಪ ಹೋದ ಆಟಿಯಲ್ಲಿ ತೀರಿಕೊಂಡ್ರು. ಅವರ ಲೈಸೆನ್ಸಿನಲ್ಲಿ ಎರಡು ಕೋವಿ ಇತ್ತು, ಒಂದು ಹನ್ನೆರಡು ಬೋರಿನ ಜೋಡಿ ನಳಿಗೆ, ಅದು ಎಲ್ಲರ ಮನೆಯಲ್ಲೂ ಇರುವಂಥದ್ದೇ. ಇನ್ನೊಂದು ರೈಫಲ್, ಅದರದ್ದೇ ಈಗ ತಲೆಬಿಸಿ. ಅಜ್ಜ ಅದನ್ನು ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಊರಿಗೆ ಹೋಗುವಾಗ ತೆಗೊಂಡದ್ದಂತೆ, ಆಗ ಕಾಸರಗೋಡು ಇನ್ನೂ ದಕ್ಷಿಣ ಕನ್ನಡಕ್ಕೇ ಸೇರಿದ್ದು, ಹಾಗಾಗಿ ಹಳೇ ಲೈಸೆನ್ಸು ಮಂಗಳೂರಿಂದ ಕೊಟ್ಟದ್ದು, ಅದರಲ್ಲಿ ".256 ಮಾನ್ಲಿಕರ್" ಅಂತ ಕೈಬರಹದಲ್ಲಿ ಉಂಟು ಅಷ್ಟೆ.

ನೋಡ್ಲಿಕ್ಕೆ ಬೇರೆ ಯಾವ ಕೋವಿಯ ಹಾಗೂ ಇಲ್ಲ. ಮರ ನಳಿಗೆಯ ತುದಿವರೆಗೂ ಹೋಗ್ತದೆ, ತುದಿಗೆ ಒಂದು ಉಕ್ಕಿನ ಟೊಪ್ಪಿ. ಬೋಲ್ಟಿನ (ತೋಟೆ ಒಳಗೆ ಹಾಕ್ಲಿಕ್ಕೆ ಹಿಂದೆ ಮುಂದೆ ಎಳೆಯುವ ಭಾಗ) ಹಿಡಿ ಉರುಟು ಅಲ್ಲ, ಬೆಣ್ಣೆ ತೆಗೆಯುವ ಚೂರಿಯ ಹಾಗೆ ಚಪ್ಪಟೆ. ಟ್ರಿಗರ್ ಎರಡು, ನಳಿಗೆ ಒಂದೇ. ಅಪ್ಪ ಬದುಕಿರುವಾಗ ನಾನು ಅದನ್ನು ಹಿಡಿದು ಎಣ್ಣೆ ಹಚ್ಚಿದ್ದೇನೆ, ಒಂದು ಈಡೂ ಬಿಟ್ಟಿಲ್ಲ.

ಈಗ ಎರಡೂ ಪೊಲೀಸ್ ಸ್ಟೇಷನಿನಲ್ಲಿ ಡೆಪಾಸಿಟ್ ಉಂಟು, 11 ತೋಟೆ ಸಹಿತ, ರಶೀದಿ ನನ್ನ ಹತ್ರ ಉಂಟು. ವಿಚಾರಿಸಿದ ಅಂಗಡಿಯವರು ಇದಕ್ಕೆ ತೋಟೆ ಇನ್ನು ಸಿಗುದಿಲ್ಲ, .315 ಬೋರಿಗೆ ಬದಲು ಮಾಡಿಸಿಕೊಳ್ಳಿ ಇಲ್ಲದಿದ್ರೆ ಸರೆಂಡರ್ ಮಾಡಿ ಅಂತಾರೆ. ಅಮ್ಮನಿಗೆ ಅದು ಮನೆಗೆ ಬರ್ಬೇಕು ಅಂತ ಉಂಟು, ನನಗೂ. ಹಂದಿ ಕಾಟ ಸಹ ವಿಪರೀತ, ಅದಕ್ಕೆ ಇದು ಆದೀತಾ? ಗೊತ್ತಿದ್ದವರು ಹೇಳಿ.

ಸುಳ್ಯದ_ರೈ:

ಮೊದಲು ಒಂದು ಮಾತು, ಸರೆಂಡರ್ ಮಾಡ್ಬೇಡಿ. ನಾನು ಗಡಿಯಿಂದ ಈಚೆ, ಕರ್ನಾಟಕದವ, ನಮ್ಮಲ್ಲಿ .275 ರೈಫಲ್ ಒಂದು ಉಂಟು, ಅಪ್ಪನ ನಂತರ ನನ್ನ ಹೆಸರಿಗೆ ಮಾಡಿಸ್ಲಿಕ್ಕೆ ಎರಡು ವರ್ಷ ಓಡಾಡಿದ್ದೇನೆ, ಆದ್ರೆ ಆಯ್ತು. 2016ರ ಆರ್ಮ್ಸ್ ರೂಲ್ಸಿನಲ್ಲಿ 25ನೇ ರೂಲ್ ವಾರಸುದಾರರದ್ದೇ, ಬಾಕಿ ವಾರಸುದಾರರ ಒಪ್ಪಿಗೆ ಪತ್ರ, ಹೇರ್‌ಶಿಪ್ ಸರ್ಟಿಫಿಕೇಟ್ (ವಾರಸುದಾರರು ಯಾರು ಅಂತ ಕೊಡುವ ಪತ್ರ), ಡಾಕ್ಟರ ಸರ್ಟಿಫಿಕೇಟ್, ಕೋವಿ ತರಬೇತಿಯದ್ದು, ಇಷ್ಟು ಸರಿ ಮಾಡಿಕೊಂಡು ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಎಡಿಎಂ (ಅಡಿಷನಲ್ ಡಿಸ್ಟ್ರಿಕ್ಟ್ ಮೆಜಿಸ್ಟ್ರೇಟ್) ಸೆಕ್ಷನಿಗೆ ಹೋಗಿ. 2019ರ ತಿದ್ದುಪಡಿ ನಂತರ ಒಬ್ಬರಿಗೆ ಎರಡೇ ಕೋವಿ, ವಾರಸಿನಲ್ಲಿ ಬಂದದ್ದಾದ್ರೂ ಅಷ್ಟೇ, ನಿಮ್ಮದು ಸರಿಯಾಗಿ ಎರಡು, ಹಾಗಾಗಿ ಆ ಕಡೆ ತೊಂದರೆ ಇಲ್ಲ. ಈ ಮೊದಲು ನಿಮ್ಮ ಹೆಸರಿಗೆ ಒಂದಾದ್ರೂ ಇದ್ರೆ ಮಾತ್ರ ಆಲೋಚನೆ ಮಾಡ್ಬೇಕು. ಮತ್ತೆ ಸಿಕ್ಕಿದ್ರೆ ಐದು ವರ್ಷಕ್ಕೊಮ್ಮೆ ರಿನ್ಯೂವಲ್.

ನನಗೆ ಹೊಟ್ಟೆ ಉರಿಯುದು ಡೆಪಾಸಿಟಿನ ವಿಷಯದಲ್ಲಿ. ಒಂದು ಎಲೆಕ್ಷನಿಗೆ ಇಟ್ಟು ಎರಡೂವರೆ ತಿಂಗಳು ಬಿಟ್ಟು ತೆಗೆಯುವಾಗ ನಮ್ಮ ಕೋವಿಯ ನಳಿಗೆ ಮೇಲೆ ಬೆರಳಚ್ಚು ಇದ್ದಲ್ಲೆಲ್ಲ ತುಕ್ಕು, ಗೋಡೆಗೆ ಒರಗಿಸಿ ಇಟ್ಟದ್ದು, ಮಳೆಗಾಲ ಬೇರೆ. ಯಾರನ್ನೂ ದೂರುದಿಲ್ಲ, ಅವರಿಗೆ ಜಾಗ ಇಲ್ಲ. ಆದ್ರೆ ನೀವು ವಾರದೊಳಗೆ ಹೋಗಿ ಕೇಳಿ, ಅವರ ಎದುರೇ ಎಣ್ಣೆ ಬಟ್ಟೆ ಹಾಕಿ ಬನ್ನಿ, ಕೇಳಿದ್ರೆ ಬಿಡ್ತಾರೆ.

ಹಳೇ_ಕಬ್ಬಿಣ:

ತೋಟದಮನೆಯವ್ರೇ, ನೀವು ಹೇಳಿದ ಬೋಲ್ಟ್ ಹಿಡಿ, ತುದಿವರೆಗಿನ ಮರ, ಎರಡು ಟ್ರಿಗರ್ ಓದುವಾಗಲೇ ನನಗೆ ಕೂತಲ್ಲಿ ಕೂರ್ಲಿಕ್ಕೆ ಆಗ್ಲಿಲ್ಲ. ಅದು ಮಾನ್ಲಿಕರ್ ಷೋನಾವರ್, ಆಸ್ಟ್ರಿಯಾದ ಸ್ಟೈರ್ ಊರಿನದ್ದು, ನಿಮ್ಮ .256 ಇಂಚು ಅಂದ್ರೆ 6.5 ಎಂಎಂ, ಹಾಗಾದ್ರೆ 1903ರ ಮಾಡೆಲ್. ಗ್ರೀಸಿನ ಸೈನ್ಯಕ್ಕೆ ತೆಗೊಂಡದ್ದೂ ಇದೇ ಆಕ್ಷನ್, ಅಂದ್ರೆ ಬೋಲ್ಟು ಮ್ಯಾಗಜಿನು ಸೇರಿದ ಒಳಗಿನ ಯಂತ್ರ. ಆಮೇಲಿನ ಮಾಡೆಲ್‌ಗಳು ತೋಟೆ ಪ್ರಕಾರ ಬೇರೆ ಬೇರೆ, 1905ರದ್ದು 9 ಎಂಎಂ, 1908ರದ್ದು 8, 1910ರದ್ದು 9.5. ಆಫ್ರಿಕಾದಲ್ಲಿ ಆನೆ ಬೇಟೆಯ ಬೆಲ್ ಅಂತ ಒಬ್ಬ ಇದ್ದ, ಅವ ಇದೇ ಸಣ್ಣ 6.5ರಲ್ಲಿ ಆನೆ ಹೊಡೆದವ. ಅದನ್ನು ಕೇಳಿ ಯಾರೂ ಅದರ ಹಾಗೆ ಮಾಡ್ಲಿಕ್ಕೆ ಹೋಗ್ಬಾರ್ದು, ಗುಂಡಿನ ಗುಣ ತಿಳೀಲಿ ಅಂತ ಹೇಳಿದ್ದು. 160 ಗ್ರೇನಿನ (ಸುಮಾರು 10 ಗ್ರಾಂ) ಉದ್ದ ಗುಂಡು, ಮೂತಿ ಮೊಂಡು, ಅದು ಗಾಳಿಯಲ್ಲಿ ನೆಟ್ಟಗೆ ಹೋಗ್ಲಿ ಅಂತ ನಳಿಗೆಯೊಳಗಿನ ಸುರುಳಿ ಬಹಳ ಬಿಗಿ, ಸುಮಾರು 20 ಸೆಂಟಿಮೀಟರಿಗೆ ಒಂದು ಸುತ್ತು.

ಇನ್ನು .315ಕ್ಕೆ ಮಾಡಿಸಿ ಅಂದವರ ಮಾತಿಗೆ. ದಯವಿಟ್ಟು ಬೇಡ. ಈ ಕೋವಿಯ ಜೀವ ಇರುವುದು ಅದರ ಮ್ಯಾಗಜಿನಿನಲ್ಲಿ. ಒಳಗೆ ಪೆಟ್ಟಿಗೆ ಅಲ್ಲ, ತಿರುಗುವ ಒಂದು ರಾಟೆ, ಐದು ತೋಟೆಗೆ ಐದು ಗುಣಿ, ಪ್ರತಿ ತೋಟೆ ಅದರ ಗುಣಿಯಲ್ಲೇ ಕೂತು ಸುತ್ತಿ ಮೇಲೆ ಬರ್ತದೆ. ಆ ಗುಣಿ ಕೊರೆದದ್ದು ಈ ಒಂದು ತೋಟೆಯ ಅಳತೆಗೆ. .315 ಅಂದ್ರೆ 8 ಎಂಎಂ, ಹಿಂದೆ ಅಂಚು ಇರುವ ತೋಟೆ, ಅದು ಆ ಗುಣಿಗೆ ಹೋಗ್ಲಿಕ್ಕೇ ಇಲ್ಲ. ಅಂದ್ರೆ ನಳಿಗೆ ಬೇರೆ, ಬೋಲ್ಟಿನ ಮೂತಿ ಬೇರೆ, ರಾಟೆ ಬಿಸಾಡುದು, ಉಳಿಯುದು ಮರ ಮಾತ್ರ. ಲೈಸೆನ್ಸಿನಲ್ಲಿ ಬರೆದ ಬೋರೂ ಬದಲಾಗ್ತದೆ, ಅನುಮತಿ ಇಲ್ಲದೆ ಹಾಗೆ ಮಾಡಿದ್ರೆ ಕೇಸು.

ತೋಟೆಯ ವಿಷಯ ಇನ್ನೂ ಮುಖ್ಯ. ಇಂಗ್ಲಿಷಿನವ್ರು .256 ಅಂತ ಎರಡು ಬೇರೆ ತೋಟೆಗೆ ಹೇಳ್ತಿದ್ರು. ಒಂದು ಹಳೇ ಮಾನ್ಲಿಕರಿನದ್ದು, ಹಿಂದೆ ಅಂಚು ಉಂಟು. ಇನ್ನೊಂದು ನಿಮ್ಮದು, 6.5×54, ಅಂಚು ಇಲ್ಲ, ಬುಡದ ಹತ್ರ ಸುತ್ತಲೂ ಒಂದು ಗೆರೆ ಕೊರೆದಿರ್ತದೆ. ಇಟಲಿಯ ಕಾರ್ಕಾನೊದ್ದೂ 6.5, ಸ್ವೀಡನಿನದ್ದೂ 6.5, ಅವು ಯಾವುದೂ ಇದಕ್ಕಲ್ಲ. ಯಾರಾದ್ರೂ ಪ್ರೀತಿಯಿಂದ "ಇಕೊಳ್ಳಿ 6.5" ಅಂತ ಕೊಟ್ರೂ ಹಾಕ್ಬೇಡಿ.

ಮತ್ತೆ ಒಂದು, ಬಟ್ಟಿನ (ಹೆಗಲಿಗೆ ಒತ್ತಿಡುವ ಮರದ ಭಾಗ) ಹಿಂದಿನ ತಗಡಿನಲ್ಲಿ ಸಣ್ಣ ಬಾಗಿಲು ಉಂಟಾ ನೋಡಿ. ಬೇಟೆಯ ಮಾಡೆಲಿನಲ್ಲಿ ಹೆಚ್ಚಾಗಿ ಇರ್ತದೆ.

ದೇಲಂಪಾಡಿ_ಕಾಡಂಚು:

ಹಂದಿ ವಿಷಯ ನಾನು ಹೇಳ್ತೇನೆ, ನಾನು ಪಂಚಾಯತಿನ ಹಂದಿ ಹೊಡೆಯುವವರ ಪಟ್ಟಿಯಲ್ಲಿ ಇರುವವ. 2022ರಿಂದ ಕೇರಳದಲ್ಲಿ ಪಂಚಾಯತ್ ಅಧ್ಯಕ್ಷರೇ ಆರ್ಡರ್ ಕೊಡ್ಬಹುದು, ಆದ್ರೆ ಹೊಡೆಯುದು ಪಟ್ಟಿಯಲ್ಲಿರುವ ಲೈಸೆನ್ಸ್‌ದಾರರು, ನಮ್ಮ ತೋಟ ನಮ್ಮ ಕೋವಿ ಅಂತ ರಾತ್ರಿ ಇಳಿಯುವ ಹಾಗಿಲ್ಲ. ಮತ್ತೆ ಅಡಿಕೆ ತೋಟದಲ್ಲಿ ರೈಫಲ್ ಬೇಡ ಅಣ್ಣ. ನಾಲ್ಕು ಮರದ ಆಚೆ ಮನೆ, ಅದರಾಚೆ ರೋಡು. ಆ ಗುಂಡು ಹಂದಿಯನ್ನು ದಾಟಿಯೂ ಹೋಗ್ತದೆ, ತಪ್ಪಿದ್ರೆ ಕಿಲೋಮೀಟರುಗಟ್ಟಲೆ. ನಿಮ್ಮ ಜೋಡಿ ನಳಿಗೆ ಸಾಕು, ಹತ್ತಿರದಿಂದ, ಹಿಂದೆ ಗುಡ್ಡದ ಮಣ್ಣು ಇದ್ರೆ ಮಾತ್ರ. ನಾನು ಮರ ಹತ್ತಿ ಕೆಳಕ್ಕೇ ಹೊಡೆಯುದು.

ತೋಟದಮನೆ_ಬದಿಯಡ್ಕ:

ತುಂಬ ಉಪಕಾರ ಎಲ್ಲರಿಂದ. ಹಂದಿಗೆ ಇದನ್ನು ತೆಗೆಯುದಿಲ್ಲ, ಅದು ಖಂಡಿತ. ಕಬ್ಬಿಣದಣ್ಣ, ಆ 11 ತೋಟೆಯಲ್ಲಿ ಒಂದೆರಡು ಬಿಡ್ಬಹುದಾ, ಲೈಸೆನ್ಸ್ ಆದ ಮೇಲೆ? ನೀವು ಇದನ್ನು ಬಿಟ್ಟಿದ್ದೀರಾ?

ಹಳೇ_ಕಬ್ಬಿಣ:

ಬಿಟ್ಟಿದ್ದೇನೆ, ಒಂದೇ ದಿನ, ಮೂರು ಈಡು, ಸ್ನೇಹಿತರದ್ದು, ರೇಂಜಿನಲ್ಲಿ, 50 ಮೀಟರಿಗೆ. ಬೋಲ್ಟ್ ಮೇಲೆತ್ತಿ ಹಿಂದೆ ಎಳೆಯುವಾಗ ತುಪ್ಪದಲ್ಲಿ ಕೈ ಹಾಕಿದ ಹಾಗೆ, ಒಳಗೆ ರಾಟೆ ತಿರುಗುದು ಕಿವಿಗೆ ಕೇಳುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗ್ತದೆ. ಹಿಂದಿನ ಟ್ರಿಗರ್ ಎಳೆದ್ರೆ ಸಣ್ಣ ಶಬ್ದ, ಅಷ್ಟೇ, ಈಡು ಹೋಗುದಿಲ್ಲ, ಆಮೇಲೆ ಮುಂದಿನದ್ದಕ್ಕೆ ಬೆರಳು ತಾಗಿದ್ರೆ ಸಾಕು. ಹಾಗಾಗಿ ಹಿಂದಿನದ್ದು ಎಳೆದಿಟ್ಟು ನಡೆಯುದು, ಯಾರಿಗಾದ್ರೂ ಕೊಡುದು ಯಾವತ್ತೂ ಮಾಡ್ಬೇಡಿ. ಹೆಗಲಿಗೆ ಪೆಟ್ಟು ಕಮ್ಮಿ, ನಮ್ಮ ಹನ್ನೆರಡು ಬೋರಿನ ಅರ್ಧವೂ ಇಲ್ಲ. ಮೂರೂ ಒಂದು ಲಿಂಬೆಹಣ್ಣಿನಷ್ಟು ಜಾಗದಲ್ಲಿ ಬಿತ್ತು.

ಆದ್ರೆ ನಿಮ್ಮ ತೋಟೆ ಅಜ್ಜನ ಕಾಲದ್ದು. ಮದ್ದು ಕೆಟ್ಟಿರ್ಬಹುದು, ಹಿತ್ತಾಳೆ ಬಿರುಕು ಬಿಟ್ಟಿರ್ಬಹುದು. ಗುಂಡು ನಳಿಗೆಯ ನಡುವೆ ನಿಂತು ಅದು ಗೊತ್ತಾಗದೆ ಇನ್ನೊಂದು ಬಿಟ್ರೆ ಕೋವಿ ಒಡೀತದೆ, ಮುಖ ಅದರ ಹಿಂದೆಯೇ ಇರುದಲ್ವಾ. ಹಳೇ ಕ್ಯಾಪಿನಲ್ಲಿ (ತೋಟೆಯ ಬುಡದಲ್ಲಿ ಮದ್ದಿಗೆ ಬೆಂಕಿ ಹೊತ್ತಿಸುವ ಟೊಪ್ಪಿ) ಇರುವ ಉಪ್ಪು ಬೇರೆ, ಈಡು ಬಿಟ್ಟ ಮೇಲೆ ನಳಿಗೆಯಲ್ಲಿ ಕೂತು ಗಾಳಿಯ ನೀರು ಎಳೆದುಕೊಳ್ತದೆ, ನಮ್ಮ ಕರಾವಳಿಯಲ್ಲಿ ಒಂದು ರಾತ್ರಿ ಸಾಕು. ಎಣ್ಣೆಗೆ ಆ ಉಪ್ಪು ಕರಗುದಿಲ್ಲ, ಬಿಸಿನೀರು ಹೊಯ್ದು ತೊಳೆದು ಒಣಗಿಸಿಯೇ ಎಣ್ಣೆ ಹಚ್ಚುದು. ನನ್ನ ಮಾತು ಕೇಳುದಾದ್ರೆ ಆ ತೋಟೆ ಬಿಡ್ಬೇಡಿ. ಕೋವಿಯನ್ನು ತಿಳಿದ ಮಿಸ್ತ್ರಿ ಹತ್ರ ತೋರಿಸಿ, ಮರ ಬಿಚ್ಚಿ ನಳಿಗೆಯ ಕೆಳಗೆ ನೋಡ್ಲಿ, ಉದ್ದ ಮರದ ಕೋವಿಗೆ ತುಕ್ಕು ಹಿಡಿಯುದು ಕಾಣದ ಕಡೆಯೇ. ಹೊಸ ತೋಟೆ ಲೈಸೆನ್ಸಿನ ದಾರಿಯಲ್ಲಿ ಯಾವತ್ತಾದ್ರೂ ಸಿಕ್ಕಿದ್ರೆ ರೇಂಜಿಗೆ ಹೋಗಿ ಬಿಡಿ, ಸಿಗದಿದ್ರೂ ಕೋವಿ ಎಲ್ಲಿಗೂ ಹೋಗುದಿಲ್ಲ. ಮನೆಯಲ್ಲಿ ತೋಟೆ ತುಂಬಿಸುವ ಯೋಚನೆ ಬೇಡ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು.

ತೋಟದಮನೆ_ಬದಿಯಡ್ಕ:

ನಿನ್ನೆ ಅಮ್ಮನನ್ನೂ ಕರ್ಕೊಂಡು ಸ್ಟೇಷನಿಗೆ ಹೋದೆ. ರೈಗಳು ಹೇಳಿದ ಹಾಗೆ ಕೇಳಿದ್ದಕ್ಕೆ ರೈಟರ್ (ಸ್ಟೇಷನಿನ ದಾಖಲೆ ಬರೆಯುವ ಪೊಲೀಸ್) ಮೇಜಿನ ಮೇಲೆಯೇ ಇಟ್ಟು ಕೊಟ್ರು. ಹೊರಗೆ ಬೋಲ್ಟಿನ ಬುಡದಲ್ಲಿ ಸ್ವಲ್ಪ ಕೆಂಪು ಇತ್ತು, ಉಜ್ಜಿದ್ರೆ ಹೋಯ್ತು. ಬೋಲ್ಟ್ ತೆಗೆದು ಕಿಟಕಿ ಕಡೆ ಹಿಡಿದು ನೋಡಿದೆ, ಒಳಗಿನ ಸುರುಳಿ ತುದಿವರೆಗೂ ಫಳಫಳ ಅಂತ ಉಂಟು. ಬೋಲ್ಟಿನ ನಂಬ್ರ, ಕೋವಿಯ ನಂಬ್ರ ಒಂದೇ.

ಬಟ್ಟಿನಲ್ಲಿ ಬಾಗಿಲು ಇತ್ತು ಅಣ್ಣ. ಇಷ್ಟು ವರ್ಷ ಎಣ್ಣೆ ಹಚ್ಚಿದ್ರೂ ನನಗೆ ಗೊತ್ತೇ ಇರ್ಲಿಲ್ಲ. ಒಳಗೆ ತುಂಡು ತುಂಡಾಗಿ ಜೋಡಿಸುವ ಉಕ್ಕಿನ ಸರಳು, ಅದಕ್ಕೆ ಸುತ್ತಿದ ಹಳದಿಯಾದ ಬಟ್ಟೆ, ಅದು ಅಜ್ಜನ ಮುಂಡಿನ ಅಂಚು ಅಂತ ಅಮ್ಮ ಮುಟ್ಟಿ ಹೇಳಿದ್ರು. ಅದರ ಪಕ್ಕ ಎರಡು ತೋಟೆ, ಮೊಂಡು ಮೂತಿ, ಬುಡದಲ್ಲಿ ನೀವು ಹೇಳಿದ ಗೆರೆ. ಅಲ್ಲೇ ರೈಟರಿಗೆ ಕೊಟ್ಟೆ. ಅವರು ರಶೀದಿಯಲ್ಲಿ 11 ಅಂತ ಇದ್ದದ್ದನ್ನು ಹೊಡೆದು 13 ಅಂತ ಬರೆದು ಸೈನ್ ಹಾಕಿ ಸೀಲ್ ಒತ್ತಿದ್ರು. ಬಟ್ಟೆಯನ್ನು ಮಾತ್ರ ಅಮ್ಮ ಕೇಳಿ ತೆಗೊಂಡ್ರು. ಸೋಮವಾರ ಹೇರ್‌ಶಿಪ್ಪಿಗೆ ತಾಲೂಕು ಆಫೀಸಿಗೆ ಹೋಗ್ತೇನೆ, ಅಕ್ಕ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿ ಕಳಿಸಿದ್ದಾಳೆ.