ನಿಪ್ಪಟ್ಟಿಗೆ ಚೆಂಡು ಕೊಡಿ

"ಇಡೀ ಸೀಸನ್‌ನಲ್ಲಿ ಆ ಹುಡುಗರು ಬಿಟ್ಟುಕೊಟ್ಟಿರೋದು ಎರಡೇ ಟಚ್‌ಡೌನ್ ಕಣ್ರೋ," ಎಂದ ಶೀನ, ಯಾರೋ ಹೋಗಿಬಿಟ್ಟ ಸುದ್ದಿ ಹೇಳುವ ದನಿಯಲ್ಲಿ.

"ಅದರಲ್ಲಿ ಒಂದು ರೆಫರಿ ತಪ್ಪು," ಎಂದ ಗಿರಿ. ಅವನ ಬಾಯಲ್ಲಿ ಕೋಡುಬಳೆ ಇತ್ತು. ಆ ರಾತ್ರಿ ಅವನ ಬಾಯಲ್ಲಿ ಕೋಡುಬಳೆ ಇಲ್ಲದ ಹೊತ್ತೇ ಇರಲಿಲ್ಲ. ಇದು ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ನ್ಯೂಜೆರ್ಸಿಯ ಎಡಿಸನ್. ಶನಿವಾರ ರಾತ್ರಿ. ಮೇಷ್ಟ್ರ ಮನೆಯ ಊಟದ ಮೇಜು. ಮರುದಿನ ನಮ್ಮ ಫ್ಲ್ಯಾಗ್ ಫುಟ್‌ಬಾಲ್ ಫೈನಲ್. ಅಮೆರಿಕನ್ ಫುಟ್‌ಬಾಲೇ, ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಆದರೆ ಇದರಲ್ಲಿ ಯಾರೂ ಯಾರ ಮೇಲೂ ಬೀಳುವಂತಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಎದುರಾಳಿ ಕಿತ್ತುಕೊಂಡರೆ ಆಟ ಅಲ್ಲಿಗೆ ನಿಂತಿತು. ನಲವತ್ತು ದಾಟಿದ ಸೊಂಟಗಳಿಗೆ ಹೇಳಿ ಮಾಡಿಸಿದ ಆಟ. ನಾವು ಫೈನಲ್ ತಲುಪಿದ್ದು ಹೇಗೆ ಅಂತ ಕೇಳಬೇಡಿ. ಸೆಮಿಫೈನಲ್ ದಿನ ಎದುರಾಳಿ ತಂಡದ ಅರ್ಧ ಜನ ಒಂದೇ ಮನೆಯ ನಾಮಕರಣಕ್ಕೆ ಹೋಗಿದ್ದರು. ಈಗ ಎದುರಿಗಿರುವುದು ಮದುವೆಯಾಗದ ಹುಡುಗರ ತಂಡ. ಅವರಿಗೆ ಯಾವ ನಾಮಕರಣವೂ ಇಲ್ಲ.

"ಗಟ್ಟಿ ಡಿಫೆನ್ಸ್ ಅಂದ್ರೆ ಹೆದರೋದಲ್ಲ, ಓದೋದು," ಎಂದರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಡೇಟಾಬೇಸ್ ಕೆಲಸ. ಆದರೆ ಲಿಫ್ಟ್ ಕೆಟ್ಟರೂ ಅದು ಯಾಕೆ ಕೆಟ್ಟಿತು ಅಂತ ಮೊದಲ ಮಹಡಿಯಿಂದ ಶುರು ಮಾಡಿ ವಿವರಿಸುತ್ತಾರೆ. "ಸಿಯಾಟಲ್ ಸೀಹಾಕ್ಸ್ ತಗೊಳ್ಳಿ. 2012ರಿಂದ 2015ರವರೆಗೆ, ಸತತ ನಾಲ್ಕು ಸೀಸನ್, ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲೇ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟವರು. ಆ ಗೋಡೆಗೆ ಎರಡು ಸೂಪರ್ ಬೌಲ್‌ನಲ್ಲಿ, ಅಂದ್ರೆ ಆ ಲೀಗಿನ ಫೈನಲ್‌ನಲ್ಲಿ, ಇಬ್ಬರು ತಲೆ ಕೊಟ್ಟರು. ಒಬ್ಬನ ತಲೆ ಒಡೀತು, ಇನ್ನೊಬ್ಬ ಗೋಡೆ ಒಡೆದ. ಯಾಕೆ?"

ಅಡುಗೆಮನೆಯಿಂದ ಸೌಟು ಬಿದ್ದ ಸದ್ದು. ಪದ್ಮಕ್ಕ ಬಾಗಿಲಲ್ಲಿ ನಿಂತಿದ್ದರು.

"ರೀ, ಮತ್ತೆ ಅದೇ ಮ್ಯಾಚಾ?"

ನಾವು ಮೂವರೂ ತಲೆ ತಗ್ಗಿಸಿದೆವು. ನ್ಯೂಜೆರ್ಸಿಗೆ ಬರುವ ಮುಂಚೆ ಇವರು ಏಳು ವರ್ಷ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದರು. ಮೇಷ್ಟ್ರು ಅಲ್ಲಿಂದ ತಂದದ್ದು ಒಂದು ಸೋಫಾ. ಪದ್ಮಕ್ಕ ತಂದದ್ದು ಸೀಹಾಕ್ಸ್ ಜರ್ಸಿ ಮತ್ತು ಒಂದು ದುಃಖ.

ಮೇಷ್ಟ್ರು ಹಿಂದೆ ಸರಿಯಲಿಲ್ಲ. ಮೇಜಿನ ಮೇಲೆ ಸ್ಟೀಲ್ ಲೋಟಗಳನ್ನು ಜೋಡಿಸಿದರು. ಹಿಂದೆ ಮೂರು, ಮುಂದೆ ನಾಲ್ಕು, ಅದಕ್ಕೂ ಮುಂದೆ ನಾಲ್ಕು. "ಇದೇ ಸಿಯಾಟಲ್ ಗೋಡೆ. ಹಿಂದಿನ ಮೂವರು ಅಂಗಳವನ್ನು ಮೂರು ಪಾಲು ಮಾಡ್ಕೊಂಡು ಕಾಯ್ತಾರೆ. ತಲೆ ಮೇಲೆ ಹೋಗೋ ಉದ್ದನೆ ಪಾಸ್ ಅವರದು. ಮಧ್ಯದ ನಾಲ್ವರು ಹತ್ತಿರದ ಪಾಸ್ ನೋಡ್ಕೋತಾರೆ. ಮುಂದಿನ ನಾಲ್ವರು ಪಾಸ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ತಾರೆ. ಅಷ್ಟೇ. ಮುಚ್ಚುಮರೆ ಏನಿಲ್ಲ. ಏನು ಮಾಡ್ತೀವಿ ಅಂತ ಹೇಳೇ ಮಾಡ್ತಾರೆ, ಆದರೂ ಯಾರಿಗೂ ಆಗಲ್ಲ."

ಒಂದು ಕಡೆಯ ಲೋಟ ತೆಗೆದು ಅಲ್ಲಿ ಡಬರಾ ಇಟ್ಟರು. "ಇದು ರಿಚರ್ಡ್ ಶರ್ಮನ್. ಇವನ ಕಡೆ ಚೆಂಡು ಎಸೆಯೋದು ಅಂದ್ರೆ ಹುಂಡಿಗೆ ದುಡ್ಡು ಹಾಕಿದ ಹಾಗೆ. ವಾಪಸ್ ಬರಲ್ಲ."

ಈಚೆ ಕಡೆ ಕೋಡುಬಳೆಗಳ ಸೈನ್ಯ. ಚಕ್ಕುಲಿ ಕ್ವಾರ್ಟರ್‌ಬ್ಯಾಕ್. ಕಡಲೆಬೀಜ ಚೆಂಡು.

"ಮೊದಲನೇದು, 2014ರ ಫೆಬ್ರವರಿ 2. ಇಲ್ಲೇ, ಈಸ್ಟ್ ರುದರ್‌ಫರ್ಡ್‌ನ ಮೆಟ್‌ಲೈಫ್ ಸ್ಟೇಡಿಯಂ. ಡೆನ್ವರ್ ಬ್ರಾಂಕೋಸ್, ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್. ಆ ಸೀಸನ್‌ನಲ್ಲಿ 606 ಪಾಯಿಂಟ್ ಹೊಡೆದ ತಂಡ, ದಾಖಲೆ! ಫೈನಲ್‌ನಲ್ಲಿ ಎಷ್ಟು ಹೊಡೆದರು ಹೇಳು?"

"ಎಂಟು," ಎಂದರು ಪದ್ಮಕ್ಕ ಬಾಗಿಲಿನಿಂದಲೇ. ಮುಖದಲ್ಲಿ ಆಗಲೇ ಬೆಳಕು. "ನಾವು ನಲವತ್ಮೂರು."

"ಮೊದಲ ಚೆಂಡೇ ಮ್ಯಾನಿಂಗ್ ತಲೆ ಪಕ್ಕ ಹಾದು ಹಿಂದಕ್ಕೆ ಹೋಯ್ತು," ಎಂದರು ಮೇಷ್ಟ್ರು. "ಅವನು ಆಟ ಶುರುವಾಗೋ ಗೆರೆ ಹತ್ತಿರ ಬಂದು ಏನೋ ಹೇಳ್ತಿದ್ದ. ಆ ಗದ್ದಲದಲ್ಲಿ ಅವನಿಗೆ ಚೆಂಡು ಕೊಡೋ ಸೆಂಟರ್‌ಗೆ ಸರಿಯಾಗಿ ಕೇಳಿಸಲಿಲ್ಲ, ಚೆಂಡು ಬಿಟ್ಟ. ಅದು ಡೆನ್ವರ್‌ನವರದೇ ಕೊನೆಯ ಗೆರೆ ಹಿಂದೆ ಹೋಯ್ತು, ಆಟ ಶುರುವಾಗಿ 12 ಸೆಕೆಂಡಿಗೆ ಸಿಯಾಟಲ್‌ಗೆ ಎರಡು ಪಾಯಿಂಟ್."

"ನಮ್ಮನೇಲೂ ಹಾಗೇ," ಎಂದೆ ನಾನು. "ಹೇಳೋದೊಂದು, ಕೇಳಿಸೋದೊಂದು."

"ಆಮೇಲೆ ಕೇಳು ವಿಚಿತ್ರ. ಮ್ಯಾನಿಂಗ್ ಅವತ್ತು 34 ಪಾಸ್ ಮುಟ್ಟಿಸಿದ. ಅಲ್ಲಿಯವರೆಗಿನ ಸೂಪರ್ ಬೌಲ್ ದಾಖಲೆ. ಡಿಮೇರಿಯಸ್ ಥಾಮಸ್ ಒಬ್ಬನೇ 13 ಹಿಡಿದ. ಅದೂ ದಾಖಲೆ. ಪಾಯಿಂಟ್ ಎಂಟು!"

ಶೀನ ತಲೆ ಕೆರೆದುಕೊಂಡ. ಅವನು ಮಂಡ್ಯ ಕಡೆಯವನು, ಕಾಲೇಜಿನಲ್ಲಿ ಕಬಡ್ಡಿ ಆಡಿದವನು. "ಗೊತ್ತಾಯ್ತು ಬಿಡಿ ಮೇಷ್ಟ್ರೇ. ಗೆರೆ ಮುಟ್ಟಿ ಬರೀ ಬೋನಸ್ ತಗೊಂಡು ಬಂದಂಗೆ. ಹಿಡಿದ ಕೂಡಲೇ ಉರುಳಿಸ್ತಾ ಇದ್ರು. ಹಿಡಿದ, ಬಿದ್ದ. ಹಿಡಿದ, ಬಿದ್ದ. ಹಂಗೇ ಆದ್ರೆ ಊರು ಸೇರೋದು ಯಾವಾಗ?"

"ಭೇಷ್! ಈಗ ಮುಂದಿನ ವರ್ಷ. 2015ರ ಫೆಬ್ರವರಿ 1, ಅರಿಜೋನಾದ ಗ್ಲೆಂಡೇಲ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ಟಾಮ್ ಬ್ರೇಡಿ. ಅವನೂ ಚಿಕ್ಕ ಚಿಕ್ಕ ಪಾಸನ್ನೇ ಎಸೆದ. 50 ಎಸೆದು 37 ಮುಟ್ಟಿಸಿದ, ಮ್ಯಾನಿಂಗ್ ದಾಖಲೆ ಮುರಿದ. ಓಡಿ ಗಳಿಸಿದ್ದು ಇಡೀ ತಂಡ ಸೇರಿ 57 ಗಜ. ಅಂದ್ರೆ ಏನೂ ಇಲ್ಲ. ಆದರೆ ಪಾಯಿಂಟ್ 28. ಅದೇ ಅಡುಗೆ, ಅದೇ ಒಲೆ. ಒಬ್ಬನದು ಸೀದುಹೋಯ್ತು, ಇನ್ನೊಬ್ಬನದು ಹಬ್ಬದೂಟ."

"ಬ್ರೇಡಿ ಏನು ಬೇರೆ ಮಾಡಿದ?" ಎಂದೆ.

"ಎಲ್ಲಿಗೆ ಎಸೀಬೇಕು ಅಂತ ನೋಡಲಿಲ್ಲ. ಯಾರ ಮೇಲೆ ಎಸೀಬೇಕು ಅಂತ ನೋಡಿದ." ಮೇಷ್ಟ್ರು ಉಪ್ಪಿನಕಾಯಿ ಜಾಡಿಯನ್ನು ಎಳೆದುಕೊಂಡರು. "ಇದು ರಾಬ್ ಗ್ರಾಂಕೌಸ್ಕಿ. ಈ ಗಾತ್ರದವನನ್ನು ಪಕ್ಕಕ್ಕೆ, ಅಂಗಳದ ಅಂಚಿನ ಗೆರೆ ಹತ್ತಿರ ನಿಲ್ಲಿಸಿದರು. ಅವನ ಎದುರಿಗೆ ಬಂದವನು ಪಾಸ್ ಹಿಡಿಯೋರನ್ನು ಕಾಯೋ ಕಾರ್ನರ್‌ಬ್ಯಾಕ್ ಅಲ್ಲ, ಮಧ್ಯದ ಸಾಲಿನ ಲೈನ್‌ಬ್ಯಾಕರ್. ಬಯಲಲ್ಲಿ ಒಬ್ಬನೇ ಈ ಜಾಡಿ ಹಿಂದೆ ಓಡಬೇಕು. 22 ಗಜ, ಟಚ್‌ಡೌನ್. ಓಡೋ ಕೆಲಸದವನು ಶೇನ್ ವೆರೀನ್, ಅವನಿಗೆ ಓಡೋಕೆ ಬಿಡದೆ ಪಾಸ್ ಹಿಡಿಯೋ ಕೆಲಸ ಕೊಟ್ಟರು. 11 ಹಿಡಿದ. ಶರ್ಮನ್ ಕಡೆಗೆ ಹೆಚ್ಚೂಕಮ್ಮಿ ಕಣ್ಣೆತ್ತಿಯೂ ನೋಡಲಿಲ್ಲ."

"ಮುಖ್ಯವಾದದ್ದು ಯಾಕ್ರೀ ಹೇಳ್ತಾ ಇಲ್ಲ?" ಪದ್ಮಕ್ಕ ಈಗ ಮೇಜಿನ ಹತ್ತಿರವೇ ಬಂದರು. "ಜೆರೆಮಿ ಲೇನ್ ಕೈ!"

"ಬರ್ತಾ ಇದ್ದೆ ಕಣೇ."

"ನೀವು ಬರೋಷ್ಟರಲ್ಲಿ ಬೆಳಗಾಗುತ್ತೆ. ನಾನು ಹೇಳ್ತೀನಿ." ಅವರೇ ಒಂದು ಲೋಟ ಎತ್ತಿದರು. "ಇದು ಲೇನ್. ಮೊದಲ ಕ್ವಾರ್ಟರ್‌ನಲ್ಲಿ ಬ್ರೇಡಿ ಎಸೆದ ಚೆಂಡನ್ನು ಇವನು ಕಸಿದುಕೊಂಡ. ಮನೇಲಿ ಕುಣಿದಾಡಿದ್ವಿ. ಚೆಂಡು ಹಿಡ್ಕೊಂಡು ಓಡೋವಾಗ ಬಿದ್ದ, ಕೈ ಮುರೀತು. ಹೋದ. ಅವನ ಜಾಗಕ್ಕೆ ಥ್ಯಾರಲ್ಡ್ ಸೈಮನ್ ಬಂದ."

ಮೇಷ್ಟ್ರು ಆ ಜಾಗದಲ್ಲಿ ಪೇಪರ್ ಕಪ್ ಇಟ್ಟರು.

"ಪೇಪರ್ ಕಪ್ ಇಡಬೇಡಿ! ಅವನೂ ಎನ್‌ಎಫ್‌ಎಲ್ ಆಟಗಾರ. ಪಾಪ, ಒಮ್ಮೆಲೇ ಕರೆದು ಬೆಂಕಿಗೆ ತಳ್ಳಿದರು." ಪೇಪರ್ ಕಪ್ ಹೋಗಿ ಗಾಜಿನ ಲೋಟ ಬಂತು.

"ಕಬಡ್ಡೀಲೂ ಹಿಂಗೇ ಅಕ್ಕ," ಎಂದ ಶೀನ. "ಕಾರ್ನರ್‌ಗೆ ಹೊಸ ಹುಡುಗ ಬಂದ ಅಂದ್ರೆ ರೈಡರ್ ಬೇರೆ ಕಡೆ ತಿರುಗೋದೇ ಇಲ್ಲ."

"ಬ್ರೇಡಿಯೂ ತಿರುಗಲಿಲ್ಲ," ಎಂದರು ಮೇಷ್ಟ್ರು. "ನಾಲ್ಕು ಟಚ್‌ಡೌನ್‌ನಲ್ಲಿ ಎರಡು ಆ ಕಡೆಯಿಂದಲೇ. ಜೂಲಿಯನ್ ಎಡೆಲ್ಮನ್ ಒಮ್ಮೆ ಟಚ್‌ಡೌನ್ ಗೆರೆ ಹತ್ತಿರ ಒಳಗೆ ಹೋಗೋ ಹಾಗೆ ಮಾಡಿ ಗಕ್ಕನೆ ಹೊರಗೆ ತಿರುಗಿದ. ಬ್ರೇಡಿ ಎಸೆದದ್ದು ಅವನಿಗೆ ಸಿಗಲಿಲ್ಲ. ಬೇರೆಯವರಾದರೆ ಆ ಆಟ ಬಿಟ್ಟುಬಿಡೋರು. ಇವರು ಮುಂದಿನ ಸರದಿಯಲ್ಲಿ ಮತ್ತೆ ಅದನ್ನೇ ಆಡಿದರು. ಆಟ ಮುಗಿಯೋಕೆ ಎರಡು ನಿಮಿಷ ಎರಡು ಸೆಕೆಂಡು. ಟಚ್‌ಡೌನ್! ಕೊನೇ ಕ್ವಾರ್ಟರ್‌ಗೆ ಬರುವಾಗ ಹತ್ತು ಪಾಯಿಂಟ್ ಹಿಂದಿದ್ದವನು, ಆ ಕ್ವಾರ್ಟರ್‌ನಲ್ಲಿ 15 ಎಸೆದು 13 ಮುಟ್ಟಿಸಿದ. ನೋಡಿ, ಎಡೆಲ್ಮನ್ ಹೀಗೆ ಬಂದು, ಹೀಗೆ... ಎಡೆಲ್ಮನ್ ಎಲ್ಲಿ?"

ಮೇಜಿನ ಮೇಲೆ ಎಡೆಲ್ಮನ್ ಇರಲಿಲ್ಲ. ಗಿರಿ ನಿಧಾನವಾಗಿ ಅಗಿಯುವುದನ್ನು ನಿಲ್ಲಿಸಿದ.

"ಲೋ, ಟಚ್‌ಡೌನ್ ಹೊಡೆದವನನ್ನೇ ತಿಂದುಬಿಟ್ಟೆಯಲ್ಲೋ!"

"ಅವನು ಹತ್ತಿರದಲ್ಲಿದ್ದ," ಎಂದ ಗಿರಿ. "ಯಾರೂ ಕಾಯ್ತಾ ಇರಲಿಲ್ಲ." ಗಟ್ಟಿ ಡಿಫೆನ್ಸ್ ಎದುರು ಆಡುವ ಇಡೀ ಶಾಸ್ತ್ರ ಅಷ್ಟರಲ್ಲೇ ಇದೆಯಲ್ಲ ಅಂತ ನನಗೆ ಅನ್ನಿಸಿತು. ಹೇಳಲಿಲ್ಲ.

"ಒಂದು ನಿಮಿಷ," ಎಂದ ಶೀನ. ಅವನಿಗೆ ಏನೋ ಹೊಳೆದಿತ್ತು. "ಲೇನ್ ಕೈ ಮುರಿದಿದ್ದು ಯಾಕೆ? ಬ್ರೇಡಿ ತಪ್ಪು ಪಾಸ್ ಎಸೆದಿದ್ದಕ್ಕೆ. ತಪ್ಪು ಎಸೀದೇ ಇದ್ದಿದ್ರೆ ಲೇನ್ ಹೊರಗೆ ಹೋಗ್ತಾನೇ ಇರಲಿಲ್ಲ. ಅಂದ್ರೆ ಆ ದಿನದ ಅತಿ ಒಳ್ಳೆ ಪಾಸ್ ಯಾವುದು? ಎದುರಾಳಿಗೆ ಹೋಗಿದ್ದೇ!"

ಪದ್ಮಕ್ಕ ಮೇಜು ಕುಟ್ಟಿದರು. "ಅದನ್ನೇ ನಾನು ಇಷ್ಟು ವರ್ಷದಿಂದ ಹೇಳ್ತಿರೋದು! ಇವರು ಪ್ಲಾನ್ ಪ್ಲಾನ್ ಅಂತಾರೆ. ಮೂರನೇ ಕ್ವಾರ್ಟರ್‌ನಲ್ಲಿ ಕ್ಲಿಫ್ ಏವ್ರಿಲ್ ತಲೆಗೆ ಪೆಟ್ಟಾಗಿ ಹೋದ. ಹಿಂದಿನ ವರ್ಷ ಮ್ಯಾನಿಂಗ್ ಎಸೆಯೋವಾಗ ಕೈಗೆ ಹೊಡೆದು ಚೆಂಡನ್ನು ನಮ್ಮವರಿಗೆ ಸಿಗೋ ಹಾಗೆ ಮಾಡಿದ್ದು ಅವನೇ. ಅವನು ಹೋದ ಮೇಲೆ ಬ್ರೇಡಿಗೆ ಆರಾಮಾಗಿ ನಿಂತು ಎಸೆಯೋಕೆ ಟೈಮ್. ಅರ್ಲ್ ಥಾಮಸ್‌ಗೆ ಭುಜ, ಶರ್ಮನ್‌ಗೆ ಮೊಣಕೈ, ಕ್ಯಾಮ್ ಚಾನ್ಸಲರ್‌ಗೆ ಮಂಡಿ. ಗೋಡೆ ಅಲ್ಲ ರೀ ಅದು, ಆಸ್ಪತ್ರೆ ವಾರ್ಡು!"

"ಬಿರುಕು ದೇವರು ಬಿಟ್ಟಿರಬಹುದು. ಅದರಲ್ಲಿ ಕೈ ಹಾಕೋಕೆ ಗೊತ್ತಿರಬೇಕಲ್ಲ," ಎಂದರು ಮೇಷ್ಟ್ರು.

ಗಂಡ ಹೆಂಡತಿ ಇಬ್ಬರೂ ಸರಿ ಅಂತ ನನಗೆ ತೋರಿತು. ಬೇರೆಯವರ ಮನೆಯಲ್ಲಿ ಊಟ ಮಾಡುವವನಿಗೆ ಹಾಗೆ ತೋರುವುದು ಕ್ಷೇಮ.

"ನಾಳೆದಕ್ಕೆ ಬನ್ನಿ," ಎಂದೆ. "ಆ ಹುಡುಗರಲ್ಲಿ ಬಿರುಕು ಯಾರು?"

ಯೋಚಿಸಿದೆವು. ಎಲ್ಲರೂ ಜಿಂಕೆಗಳು. ಶೀನನೇ ಹೇಳಿದ: "ಎಡಗಡೆ ಆಡ್ತಾನಲ್ಲ, ಕನ್ನಡಕದವನು. ಹೋದ ವಾರ ಅವನಿಗೆ ನಿಶ್ಚಿತಾರ್ಥ ಆಯ್ತು. ಹುಡುಗಿ ಮೈಸೂರಲ್ಲಿ. ನಮ್ಮ ಮ್ಯಾಚ್ ಬೆಳಗ್ಗೆ ಹತ್ತಕ್ಕೆ, ಅಲ್ಲಿ ಸಂಜೆ ಏಳೂವರೆ. ಸರಿಯಾಗಿ ಫೋನ್ ಹೊತ್ತು."

ಮೇಷ್ಟ್ರ ಕಣ್ಣು ತುಂಬಿ ಬಂತು. "ಎಲ್ಲಾ ಪಾಸೂ ಅವನ ಕಡೆಗೇ."

"ಪಾಪ ಅಲ್ವಾ?" ಎಂದೆ.

"ಸೈಮನ್‌ಗೆ ಯಾರಾದ್ರೂ ಪಾಪ ಅಂದ್ರಾ?" ಎಂದರು ಪದ್ಮಕ್ಕ. ಇಷ್ಟು ಹೊತ್ತು ಪಾಪ ಅಂದವರು ಅವರೊಬ್ಬರೇ.

"ಸರಿ, ಅವನ ಕಡೆಯಿಂದ ಗೆರೆ ಹತ್ತಿರ ಬಂದ್ವಿ ಅಂತ ಇಟ್ಕೊಳ್ಳಿ," ಎಂದ ಶೀನ. "ಒಂದೇ ಗಜ ಬಾಕಿ. ಆಗೇನು?"

ಯಾರೂ ಉಸಿರು ಬಿಡಲಿಲ್ಲ. ಆ ಮನೆಯಲ್ಲಿ 'ಒಂದು ಗಜ' ಅನ್ನುವಂತಿಲ್ಲ. ಪದ್ಮಕ್ಕ ಸೀರೆ ಅಂಗಡಿಯಲ್ಲೂ ಮೀಟರ್ ಅಂತಲೇ ಕೇಳುತ್ತಾರೆ. ಅವರು ಕುರ್ಚಿ ಎಳೆದುಕೊಂಡು ಕೂತರು. ತಟ್ಟೆಯಿಂದ ನಿಪ್ಪಟ್ಟೊಂದನ್ನು ಆರಿಸಿದರು. ದಪ್ಪಗೆ, ಅಗಲವಾಗಿ, ಗಟ್ಟಿಯಾಗಿರುವುದು.

"ಇದು ಮಾರ್ಷಾನ್ ಲಿಂಚ್. ಅವತ್ತು 24 ಸಲ ಓಡಿ 102 ಗಜ ಗಳಿಸಿದ್ದ. ನಾಲ್ಕು ಪಾಯಿಂಟ್ ಹಿಂದಿದ್ದೀವಿ. ಗೆರೆಗೆ ಐದು ಗಜ ಇತ್ತು, ಇವನಿಗೆ ಚೆಂಡು ಕೊಟ್ಟರು, ಜನರನ್ನು ಎಳ್ಕೊಂಡು ನಾಲ್ಕು ಗಜ ಹೋದ. ಉಳಿದಿದ್ದು ಒಂದು. 26 ಸೆಕೆಂಡಿದೆ. ಗಡಿಯಾರ ನಿಲ್ಲಿಸೋಕೆ ಒಂದು ಟೈಮ್‌ಔಟ್ ಇದೆ. ಮೂರು ಅವಕಾಶ ಇದೆ. ಏನು ಮಾಡಬೇಕು ಹೇಳು ಶೀನ? ನಿನಗೆ ಫುಟ್‌ಬಾಲ್ ಗೊತ್ತಿಲ್ಲ, ನೀನೇ ಹೇಳು."

"ನಿಪ್ಪಟ್ಟಿಗೆ ಚೆಂಡು ಕೊಡಬೇಕು ಅಕ್ಕ."

"ಕೊಡಬೇಕು ತಾನೇ? ಪಾಸ್ ಎಸೆದರು!"

"ಅದು ತಪ್ಪಲ್ಲ ಕಣೇ," ಎಂದರು ಮೇಷ್ಟ್ರು, ಸ್ವಲ್ಪ ದೂರ ಸರಿದು. "ಎದುರಿಗೆ ಓಟ ತಡೆಯೋಕೆ ದಪ್ಪ ದಪ್ಪ ಜನ ನಿಂತಿದ್ದರು. ಒಂದೇ ಟೈಮ್‌ಔಟ್ ಇಟ್ಕೊಂಡು ಮೂರು ಸಲವೂ ಓಡೋಕೆ ಸಮಯ ಸಾಲಲ್ಲ. ಒಮ್ಮೆ ಎಸೆಯಲೇಬೇಕು. ಆ ಸೀಸನ್‌ನಲ್ಲಿ ಒಂದು ಗಜದಿಂದ ಎಸೆದ ಪಾಸ್ ಅದಕ್ಕೆ ಮೊದಲು ಒಂದೂ ಎದುರಾಳಿ ಕೈಗೆ ಹೋಗಿರಲಿಲ್ಲ."

"ಲೆಕ್ಕ ನಿಮ್ಮದು. ಹೊಟ್ಟೆ ಉರಿ ನನ್ನದು."

"ಮತ್ತೆ ಕಸಿದುಕೊಂಡವನು ಯಾರು?" ಎಂದ ಶೀನ.

"ಮಾಲ್ಕಮ್ ಬಟ್ಲರ್," ಎಂದರು ಮೇಷ್ಟ್ರು. "ಹೊಸಬರನ್ನು ಆರಿಸೋ ಡ್ರಾಫ್ಟ್‌ನಲ್ಲಿ ಯಾವ ತಂಡವೂ ತಗೊಳ್ಳದ ಹೊಸ ಹುಡುಗ. ಅದೇ ಆಟವನ್ನು ಪೇಟ್ರಿಯಟ್ಸ್ ಪ್ರಾಕ್ಟೀಸ್‌ನಲ್ಲಿ ಆಡಿಸಿ ನೋಡಿದ್ದರು. ಅಲ್ಲಿ ಇವನು ಏಮಾರಿದ್ದ. ಅವತ್ತು ಸಿಯಾಟಲ್‌ನವರು ನಿಂತ ರೀತಿ ನೋಡಿದ ಕೂಡಲೇ ಗೊತ್ತಾಯ್ತು. ಚೆಂಡು ಹೊರಡೋ ಮುಂಚೆ ಇವನು ಹೊರಟಿದ್ದ."

"ದಾರಿ ಮಾಡಿಕೊಟ್ಟವನ ಹೆಸರೂ ಹೇಳಿ," ಎಂದರು ಪದ್ಮಕ್ಕ. "ಬ್ರ್ಯಾಂಡನ್ ಬ್ರೌನರ್! ಬಟ್ಲರ್‌ಗೆ ಅಡ್ಡ ಹಾಕೋಕೆ ಹೋದ ನಮ್ಮವನನ್ನು ಅಲ್ಲೇ ತಡೆದು ನಿಲ್ಲಿಸಿದ. ಹಿಂದಿನ ವರ್ಷದವರೆಗೂ ನಮ್ಮ ಗೋಡೆಯದೇ ಇಟ್ಟಿಗೆ ಅವನು! ನಮ್ಮನೆ ಉಪ್ಪು ತಿಂದವನು!"

ಶೀನ ಫೋನಿನಲ್ಲಿ ನಮ್ಮ ಟೂರ್ನಮೆಂಟಿನ ನಿಯಮ ಓದುತ್ತಿದ್ದ. ಮುಖ ಚಿಕ್ಕದಾಯಿತು. "ಅಕ್ಕ, ಒಂದು ತೊಂದರೆ. ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ಗೆರೆಗೆ ಐದು ಗಜ ಹತ್ತಿರ ಬಂದ ಮೇಲೆ ಓಡೋ ಆಟ ಆಡೋ ಹಾಗಿಲ್ಲ. ಪಾಸೇ ಎಸೀಬೇಕು ಅಂತ ಬರೆದಿದೆ."

ಪದ್ಮಕ್ಕ ಫೋನ್ ಇಸಿದುಕೊಂಡು ಎರಡು ಸಲ ಓದಿದರು. "ಇದನ್ನು ಬರೆದವರು ಪೀಟ್ ಕ್ಯಾರಲ್ಲೇ ಇರಬೇಕು," ಎಂದರು ಕೊನೆಗೆ. ಆ ದಿನ ಸಿಯಾಟಲ್ ಕೋಚ್ ಆಗಿದ್ದವರು ಅವರು.

"ನಿಯಮ ಹಾಳಾಗಲಿ," ಎಂದು ಫೋನ್ ಕೆಳಗಿಟ್ಟರು. "ನಾಳೆ ನೀವು ಏನಾದರೂ ಮಾಡ್ಕೊಳ್ಳಿ. ಈ ಮೇಜಿನ ಮೇಲಾದರೂ ಒಮ್ಮೆ, ಒಂದೇ ಒಂದು ಸಲ, ಲಿಂಚ್‌ಗೆ ಚೆಂಡು ಕೊಟ್ಟು ನೋಡಬೇಕು ನಾನು. ಲೋಟಗಳನ್ನು ಸರಿಯಾಗಿ ನಿಲ್ಲಿಸ್ರೀ. ಕಡಲೆಬೀಜ ಎಲ್ಲಿ? ಹಾಂ. ಇಲ್ಲಿ ಗೆರೆ. ಇಲ್ಲಿ ಒಂದು ಗಜ. ಇಲ್ಲಿ..."

ಅವರ ಕೈ ನಿಪ್ಪಟ್ಟಿಗಾಗಿ ತಡಕಾಡಿತು. ಅದಿದ್ದ ಜಾಗದಲ್ಲಿ ಎಣ್ಣೆಯ ಗುರುತಷ್ಟೇ ಇತ್ತು.

ಕರುಂ ಅಂತ ಸದ್ದಾಯಿತು. ನಾವೆಲ್ಲ ಗಿರಿಯ ಕಡೆ ತಿರುಗಿದೆವು.