ಯಜಮಾನ್ರು ಬಾಯಲ್ಲಿ ಹೇಳಿದ್ದನ್ನ ಮಗ ಒಪ್ಪುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಪೀಣ್ಯದ ಒಂದು ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ ಮಷೀನ್) ಶಾಪ್‌ನಲ್ಲಿ ಸೆಟ್ಟರ್ ಆಗಿ, ಅಂದ್ರೆ ಮಷೀನನ್ನ ಕೆಲಸಕ್ಕೆ ಹೊಂದಿಸಿ ಕೊಡೋನಾಗಿ, ಹತ್ತು ವರ್ಷದ ಮೇಲಾಯ್ತು. 2020ರ ಲಾಕ್‌ಡೌನ್ ಆದ್ಮೇಲೆ ಕೆಲವು ತಿಂಗಳು ಅರ್ಧ ಸಂಬಳಕ್ಕೆ ದುಡಿದ್ವಿ. "ಆರ್ಡರ್ ಬರಲಿ, ಬಾಕಿ ಕೊಡ್ತೀನಿ" ಅಂದಿದ್ರು ಯಜಮಾನ್ರು. ಈಗ ಅವರ ಮಗ ನೋಡ್ಕೊಳ್ತಾರೆ. ಕೇಳಿದ್ರೆ "ಎಲ್ಲಿ ಬರ್ದಿದೆ ತೋರ್ಸಿ" ಅಂತಾರೆ. ಕೆಲಸ ಬಿಟ್ಟುಬಿಡಲಾ?

ಬೊಮ್ಮಸಂದ್ರದಿಂದ: ನನಗೂ ಆಗಿದೆ. ಆಯುಧಪೂಜೆ ದಿನ ಕಡ್ಲೆಪುರಿ ಪೊಟ್ಟಣ ಕೈಗಿಡ್ತಾ, ಎಲ್ಲರೆದುರಿಗೆ "ಮುಂದಿನ ವರ್ಷ ನೀನೇ ಸೂಪರ್‌ವೈಸರ್" ಅಂದಿದ್ರು ನಮ್ಮ ಓನರ್. ಆಮೇಲೆ ಹೊರಗಿಂದ ಒಬ್ಬರನ್ನ ತಂದು ಕೂರಿಸಿದ್ರು. ದುಡ್ಡಿಗಿಂತ ಹೆಚ್ಚು ನೋವಾಗಿದ್ದು, ಆಡಿದ ಮಾತು ಅವರಿಗೆ ನೆನಪೇ ಇರಲಿಲ್ಲ ಅನ್ನೋದು. ಅವತ್ತಿಂದ ನನ್ನ ಶಿಫ್ಟ್ ಮುಗಿದ್ಮೇಲೆ ಮಷೀನ್ ನಿಂತಿದೆ ಅಂತ ಫೋನ್ ಬಂದ್ರೆ ಎತ್ತೋಕೆ ಮನಸ್ಸಾಗ್ತಿರಲಿಲ್ಲ.

ಹೀಗೆ ಎಲ್ಲೂ ಬರೆಯದೆ, ಕೆಲಸಗಾರ ಮತ್ತು ಯಜಮಾನ್ರು ಮನಸ್ಸಲ್ಲಿ ನಂಬ್ಕೊಂಡಿರೋ ಕೊಡು-ಕೊಳ್ಳುವ ಮಾತಿಗೆ ಮಾನಸಿಕ ಒಪ್ಪಂದ ಅಂತಾರೆ. ಅಮೆರಿಕದ ಸಂಶೋಧಕಿ ಡೆನಿಸ್ ರೂಸೋ 1989ರಿಂದ ಇದರ ಬಗ್ಗೆ ಬರೆದಿದ್ದಾರೆ: ಒಪ್ಪಂದ ಇರೋದು ಅವರವರ ನಂಬಿಕೆಯಲ್ಲಿ, ಎರಡೂ ಕಡೆ ಒಂದೇ ಥರ ಇರಬೇಕಂತಿಲ್ಲ. ನಿಮ್ಮ ವಿಷಯದಲ್ಲಿ ಮಾತು ಕೊಟ್ಟವರು ಅಪ್ಪ. ಮಗನ ಕಿವಿಗೆ ಅದು ಬಿದ್ದೇ ಇಲ್ಲದಿರಬಹುದು. ಹಾಗಾಗಿ ಹಿರಿಯರನ್ನೂ ಕೂರಿಸಿಕೊಂಡೇ ಮಾತಾಡಿ. ಬ್ಯಾಂಕ್ ಪಾಸ್‌ಬುಕ್ ನೋಡಿ, ಯಾವ ತಿಂಗಳು ಎಷ್ಟು ಕಡಿಮೆ ಬಂತು ಅಂತ ಒಂದು ಹಾಳೆಯಲ್ಲಿ ಬರ್ಕೊಂಡು ಹೋಗಿ. ಕಂತಲ್ಲಿ ಕೊಟ್ರೂ ಸರಿ ಅನ್ನಿ. ಒಪ್ಪಿದ್ರೆ ಅವತ್ತೇ ವಾಟ್ಸಾಪ್‌ನಲ್ಲಿ "ಸರ್, ಇವತ್ತು ಮಾತಾಡಿದ ಪ್ರಕಾರ..." ಅಂತ ಇಬ್ಬರಿಗೂ ಹಾಕಿ.

ಸಣ್ಣ ಯುನಿಟ್ ನಡೆಸೋರಿಂದ: ಆಗ ನಾನೂ ಸಂಬಳ ಹಿಡಿದಿದ್ದೆ. ಆದ್ರೆ ಒಬ್ಬೊಬ್ಬರ ಹೆಸರಿಗೂ ಬಾಕಿ ಬರೆದು ಸಹಿ ಹಾಕಿಟ್ಟು, ಬೋನಸ್ ಜೊತೆ ತೀರಿಸಿದೆ. ಬರ್ದಿಲ್ಲ ಅನ್ನೋ ಆ ಹುಡುಗನ ಮಾತು ನನಗೆ ಒಪ್ಪಿಗೆ ಇಲ್ಲ. ಅರ್ಜೆಂಟ್ ಆರ್ಡರ್ ಅಂದಾಗ ನೀವು ಭಾನುವಾರ ಬಂದು ನಿಂತಿದ್ದು ಯಾವ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿತ್ತು? ಒಳ್ಳೇ ಸೆಟ್ಟರ್ ಹೋದ್ರೆ ತಯಾರಾದ ಎಷ್ಟು ಪೀಸ್ ರಿಜೆಕ್ಟ್ ಆಗುತ್ತೆ ಅಂತ ಅವರಿಗೆ ಯಾರಾದ್ರೂ ಹೇಳಬೇಕು.

ಇನ್ನೊಬ್ಬರು: ಮಾತುಕತೆ ಮುರಿದ್ರೂ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ಸಿಗೋ ಹಣ, ಬಿಡಬೇಡಿ. ಹತ್ತು ಅಥವಾ ಹೆಚ್ಚು ಜನ ಇರೋ ಕಡೆ ಐದು ವರ್ಷ ಮುಗಿಸಿದ್ರೆ, ನೀವಾಗೇ ರಾಜೀನಾಮೆ ಕೊಟ್ರೂ ಅದು ಸಿಗಬೇಕು. ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ; ದಿನದ ಸಂಬಳ ತೆಗೆಯೋಕೆ ತಿಂಗಳ ಸಂಬಳವನ್ನ 26ರಿಂದ ಭಾಗಿಸ್ತಾರೆ. ಅದು ಯಜಮಾನ್ರ ಬಾಯಿಮಾತಲ್ಲ, ಕಾನೂನು. ರಾಜೀನಾಮೆ ಬರೆಯೋ ಮುಂಚೆ ಪಿಎಫ್ ದಾಖಲೆಯಲ್ಲಿ ನೀವು ಸೇರಿದ ದಿನಾಂಕ ಸರಿ ಇದೆಯಾ ನೋಡ್ಕೊಳ್ಳಿ.