ಮನೆ ಹತ್ತಿರ ಬಸ್ ಸ್ಟಾಪ್ ಇದೆ, ಬಸ್ಸೇ ಬರಲ್ಲ. ಗಾಡಿ ಇಲ್ಲದವರು ಹೇಗೆ ನಿಭಾಯಿಸ್ತೀರಿ?

ಕಾಯ್ತಾ ಇರೋನು:
ದೊಡ್ಡ ನಗರದ ಅಂಚಿನ ಬಡಾವಣೆಯಲ್ಲಿ ಬಾಡಿಗೆಗೆ ಇದ್ದೇನೆ. ಸ್ಟಾಪ್‌ಗೆ 5 ನಿಮಿಷದ ನಡಿಗೆ. ಮನೆ ನೋಡಲು ಬಂದಾಗ "ಬಸ್ಸಿಗೇನೂ ತೊಂದರೆ ಇಲ್ಲ, ಡೈರೆಕ್ಟ್ ಬಸ್ಸೇ ಇದೆ" ಅಂದಿದ್ದರು. ಸುಳ್ಳೇನಲ್ಲ, ಇದೆ. 40 ನಿಮಿಷಕ್ಕೊಂದು. ಎಷ್ಟೋ ಸಲ ಅದೂ ಬರುವುದಿಲ್ಲ, ಆಮೇಲೆ ಎರಡು ಒಟ್ಟಿಗೆ ಬರುತ್ತವೆ. ಆಫೀಸಿಗೆ 50 ನಿಮಿಷದ ಪ್ರಯಾಣ. ಸಂಜೆ ವಾಪಸ್ ಬರುವಾಗಲೇ ನಿಜವಾದ ಕಷ್ಟ. ಮುಖ್ಯ ರಸ್ತೆಗೆ ನಡೆದರೆ ಸುಮಾರು 14 ನಿಮಿಷ, ಅಲ್ಲಿ ಬಸ್ ಜಾಸ್ತಿ, ಆದರೆ ಮಧ್ಯೆ ಇಳಿದು ಇನ್ನೊಂದು ಹತ್ತಬೇಕು. ಮೆಟ್ರೋ ಸ್ಟೇಷನ್ 3 ಕಿಲೋಮೀಟರ್ ದೂರ. ಕಣ್ಣಿನ ತೊಂದರೆಯಿಂದ ನನಗೆ ಲೈಸೆನ್ಸ್ ಸಿಗುವುದಿಲ್ಲ, ಹಾಗಾಗಿ ಸ್ಕೂಟರ್ ತಗೊಳ್ಳಿ ಅಂತ ದಯವಿಟ್ಟು ಹೇಳಬೇಡಿ. ಬಾಡಿಗೆ ಕರಾರು ಇನ್ನೇನು ಮುಗಿಯುತ್ತಿದೆ. ಮನೆ ಬದಲಿಸಲಾ, ಇಲ್ಲೇ ಇದ್ದು ಏನಾದರೂ ದಾರಿ ಹುಡುಕಲಾ? ನಿಮ್ಮ ಅನುಭವ ಹೇಳಿ.

ಅರ್ಜೆಂಟ್ ಆಸಾಮಿ:
ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಳ್ಳಿ, ಆರಾಮಾಗಿರಿ.

ಕಿಟಕಿ ಸೀಟು:
ಮೇಲಿನವರು ಪ್ರಶ್ನೆ ಪೂರ್ತಿ ಓದಿದ ಹಾಗೆ ಕಾಣಲ್ಲ, ಬಿಡಿ.

ನನ್ನ ಹತ್ತಿರವೂ ಗಾಡಿ ಇಲ್ಲ, ಬೇಕು ಅಂತಲೂ ಅನಿಸಿಲ್ಲ. ಮನೆ ಬದಲಿಸುವ ಮಾತು ಆಮೇಲೆ, ಮೊದಲು ಇದನ್ನು ಯೋಚಿಸಿ: ಬೆಳಿಗ್ಗೆಯ ಬಸ್ ಮತ್ತು ಸಂಜೆಯ ಬಸ್ ಒಂದೇ ನಂಬರ್ ಆದರೂ ಒಂದೇ ಬಸ್ ಅಲ್ಲ. ನೀವಿರುವುದು ಊರ ಅಂಚಿನಲ್ಲಿ. ಅಂದರೆ ಬಸ್ ಹೊರಡುವ ಜಾಗ ನಿಮ್ಮ ಹತ್ತಿರವೇ ಇರಬೇಕು. ಅಲ್ಲಿಂದ ಹೊರಟ ಬಸ್ ಎರಡು ಮೂರು ಸ್ಟಾಪ್ ದಾಟಿ ನಿಮ್ಮಲ್ಲಿಗೆ ಬರುತ್ತದೆ, ಅಷ್ಟರಲ್ಲಿ ತಡವಾಗಲು ಕಾರಣ ಕಡಿಮೆ. ಹಾಗಾಗಿ ಬೆಳಿಗ್ಗೆ ಗಡಿಯಾರ ನೋಡಿಕೊಂಡು ಮನೆಯಿಂದ ಹೊರಟರೆ 40 ನಿಮಿಷಕ್ಕೊಂದು ಬಸ್ ಇದ್ದರೂ ನಡೆಯುತ್ತದೆ. ಸಂಜೆ ಅದೇ ಬಸ್ ಇಡೀ ಊರಿನ ಟ್ರಾಫಿಕ್ ಸೀಳಿಕೊಂಡು ನಿಮ್ಮ ಆಫೀಸಿನ ಹತ್ತಿರ ಬರಬೇಕು. ಆಗ ಟೈಮ್ ಟೇಬಲ್ ಇದ್ದೂ ಇಲ್ಲದ ಹಾಗೆ. ಹೋಗುವ ದಾರಿಯಲ್ಲೇ ಬರಬೇಕು ಅಂತ ಏನೂ ಇಲ್ಲ ಅಲ್ವಾ? ನಾನು ಹೋಗುವುದು ಡೈರೆಕ್ಟ್ ಬಸ್ಸಿನಲ್ಲಿ, ಬರುವುದು ಮುಖ್ಯ ರಸ್ತೆಯಲ್ಲಿ ಬಸ್ ಬದಲಿಸಿಕೊಂಡು.

ಬಸ್ ಬದಲಿಸುವುದು ಅಂದ ಕೂಡಲೇ ಎಲ್ಲರೂ ಮುಖ ಕಿವುಚುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಡೈರೆಕ್ಟ್ ಬಸ್ 40 ನಿಮಿಷಕ್ಕೊಂದು, ಪ್ರಯಾಣ 50 ನಿಮಿಷ, ನಡಿಗೆ 5 ನಿಮಿಷ. ಅದೃಷ್ಟ ಇದ್ದ ದಿನ 55 ನಿಮಿಷ, ಕಣ್ಣೆದುರೇ ತಪ್ಪಿಸಿಕೊಂಡ ದಿನ 95. ಸರಾಸರಿ 75. ಈಗ ಬದಲಿಸುವ ದಾರಿ. 10 ನಿಮಿಷಕ್ಕೊಂದು ಬರುವ ಮೊದಲ ಬಸ್ಸಿನಲ್ಲಿ 30 ನಿಮಿಷ, 8 ನಿಮಿಷಕ್ಕೊಂದು ಬರುವ ಎರಡನೆಯದರಲ್ಲಿ 22 ನಿಮಿಷ, ಕೊನೆಗೆ 14 ನಿಮಿಷದ ನಡಿಗೆ ಅಂತ ಇಟ್ಟುಕೊಳ್ಳಿ. ಬೇಗ ಅಂದರೆ 66, ತಡ ಅಂದರೆ 84. ಸರಾಸರಿ ಇದೂ 75! ಹಾಗಾದರೆ ಲಾಭ ಏನು ಅಂದರೆ, ಒಂದು ಬಸ್ ಕ್ಯಾನ್ಸಲ್ ಆದ ದಿನ ನೋಡಿ. ಡೈರೆಕ್ಟ್ ಬಸ್ಸನ್ನೇ ನಂಬಿದವರು 135 ನಿಮಿಷದವರೆಗೂ ಹೋಗಬಹುದು, ಬದಲಿಸುವವರಿಗೆ ಹೆಚ್ಚೆಂದರೆ 94. ಮನೆಯಲ್ಲಿ ಮಗು ಕಾಯುತ್ತಿದ್ದರೆ, ಇಲ್ಲ ಅಡುಗೆ ಆಗಬೇಕಿದ್ದರೆ, ಸರಾಸರಿಗಿಂತ ಆ ಕೊನೆಯ ನಂಬರೇ ಮುಖ್ಯ. ನಿಮ್ಮ ದಾರಿಯ ಅಂಕಿ ಬೇರೆ ಇರುತ್ತದೆ, ಆದರೆ ಲೆಕ್ಕ ಹಾಕುವ ರೀತಿ ಇದೇ.

ಕಾಯ್ತಾ ಇರೋನು:
ಈ ತರ ಯೋಚನೆ ಮಾಡಿಯೇ ಇರಲಿಲ್ಲ. ಬೆಳಿಗ್ಗೆ ನಿಜವಾಗಲೂ ಬಸ್ ಟೈಮಿಗೆ ಬರುತ್ತದೆ, ಹೌದು. ಆದರೆ ಎರಡು ಒಟ್ಟಿಗೆ ಬರುವುದು ಯಾಕೆ ಅಂತ ಯಾರಾದರೂ ಹೇಳಿ. ಡ್ರೈವರ್‌ಗಳು ಮಾತಾಡಿಕೊಂಡು ಬರುತ್ತಾರೆ ಅಂತ ನಮ್ಮ ಸ್ಟಾಪಿನವರೆಲ್ಲ ನಂಬಿದ್ದಾರೆ.

ಹಳೇ ಶೆಡ್ಯೂಲ್:
ಬಸ್ ಶೆಡ್ಯೂಲ್ ಹಾಕುವ ಕೆಲಸ ಕೆಲವು ವರ್ಷ ಮಾಡಿದ್ದೇನೆ, ಹಾಗಾಗಿ ಡ್ರೈವರ್‌ಗಳ ಪರವಾಗಿ ಒಂದು ಮಾತು. ಅವರೇನೂ ಬೇಕು ಅಂತ ಹಾಗೆ ಮಾಡುವುದಿಲ್ಲ. ಮುಂದಿನ ಬಸ್ ಒಂದು ಸಿಗ್ನಲ್‌ನಲ್ಲಿ ಸ್ವಲ್ಪ ಸಿಕ್ಕಿಹಾಕಿಕೊಂಡಿತು ಅನ್ನಿ. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಜನ ಇನ್ನಷ್ಟು ಸೇರುತ್ತಾರೆ. ಅವರೆಲ್ಲ ಹತ್ತಿ ಇಳಿಯುವುದರಲ್ಲಿ ಇನ್ನೂ ತಡ, ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜನ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಅದು ಓಡೋಡಿ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಬಾಗಿಲಲ್ಲಿ ಜನ ಜೋತುಬಿದ್ದ ಬಸ್ ಮುಂದೆ, ಖಾಲಿ ಬಸ್ ಹಿಂದೆ. ಹಿಂದೆ ಇನ್ನೊಂದು ಕಾಣಿಸುತ್ತಿದ್ದರೆ ಮೊದಲನೆಯದಕ್ಕೆ ನುಗ್ಗಬೇಡಿ, ಸೀಟು ಎರಡನೆಯದರಲ್ಲಿದೆ. ಆದರೆ ಅದರ ಬೋರ್ಡ್ ಓದಿ ಹತ್ತಿ, ತಡವಾದ ಬಸ್ಸನ್ನು ಕೆಲವೊಮ್ಮೆ ಅರ್ಧ ದಾರಿಯಲ್ಲೇ ತಿರುಗಿಸಿಬಿಡುತ್ತಾರೆ.

ಇದರಿಂದ ಕಾಯುವ ಸಮಯ ಎಷ್ಟು ಕೆಡುತ್ತದೆ ನೋಡಿ. ಕಾಗದದ ಮೇಲೆ 20 ನಿಮಿಷಕ್ಕೊಂದು ಬಸ್ ಅಂದರೆ ಸರಾಸರಿ 10 ನಿಮಿಷ ಕಾಯಬೇಕು. ಅವೇ ಬಸ್ಸುಗಳು ಜೋಡಿಯಾಗಿ 40 ನಿಮಿಷಕ್ಕೊಮ್ಮೆ ಬಂದರೆ ಸರಾಸರಿ 20 ನಿಮಿಷ. ದಾಖಲೆಯಲ್ಲಿ ಗಂಟೆಗೆ 3 ಬಸ್ ಓಡಿವೆ ಅಂತಲೇ ಇರುತ್ತದೆ, ಸ್ಟಾಪಿನಲ್ಲಿ ನಿಂತವನಿಗೆ ಅರ್ಧ ಬಸ್ ಮಾಯ.

"ಇನ್ನೊಂದೆರಡು ಬಸ್ ಬಿಡಬಾರದಾ" ಅಂತ ಕೇಳುವವರಿಗೂ ಹೇಳಿಬಿಡುತ್ತೇನೆ. ಬಸ್ ಹೋಗಿ ಬಂದು ಮತ್ತೆ ಹೊರಡಲು 120 ನಿಮಿಷ ಬೇಕಾದರೆ, 40 ನಿಮಿಷಕ್ಕೊಂದು ಓಡಿಸಲು 3 ಬಸ್ ಸಾಕು. 10 ನಿಮಿಷಕ್ಕೊಂದು ಬೇಕು ಅಂದರೆ 12 ಬಸ್, ಅಷ್ಟು ಡ್ರೈವರ್‌ಗಳು, ಅದೂ ಎರಡು ಶಿಫ್ಟ್‌ಗೆ. ಇನ್ನು ಟ್ರಾಫಿಕ್ ಹೆಚ್ಚಾಗಿ ಆ 120 ನಿಮಿಷ 160 ಆಯಿತು ಅಂದುಕೊಳ್ಳಿ, ಅವೇ 3 ಬಸ್ಸಿನಲ್ಲಿ ಗ್ಯಾಪ್ 53 ನಿಮಿಷಕ್ಕೆ ಹೋಗುತ್ತದೆ. ಒಂದು ಬಸ್ಸನ್ನೂ ಕಡಿಮೆ ಮಾಡಿಲ್ಲ, ಆದರೂ ಬಸ್ ಕಡಿಮೆ ಆಯಿತು. ಬಸ್ಸಿಗೇ ಒಂದು ಲೇನ್ ಬಿಟ್ಟುಕೊಟ್ಟು ಸುತ್ತು 90 ನಿಮಿಷಕ್ಕೆ ಇಳಿದರೆ ಅದೇ 3 ಬಸ್ 30 ನಿಮಿಷಕ್ಕೊಂದು ಬರುತ್ತವೆ. ಬಸ್ ಲೇನ್ ಅಂದರೆ ಕಾರಿನವರು ಕೂಗಾಡುತ್ತಾರೆ, ನನಗಂತೂ ಅದರಷ್ಟು ಅಗ್ಗವಾಗಿ ಬಸ್ ಹೆಚ್ಚಿಸುವ ದಾರಿ ಬೇರೆ ಕಂಡಿಲ್ಲ.

ರಾತ್ರಿ ಪಾಳಿ:
ಕಿಟಕಿ ಸೀಟು ಹೇಳಿದ ಲೆಕ್ಕ ಸರಿ, ಆದರೆ ರಾತ್ರಿ 9ರ ನಂತರ ಅದನ್ನು ಮತ್ತೆ ಹಾಕಬೇಕು. ನಾನು ಹೆಂಗಸು, ಆಸ್ಪತ್ರೆಯಲ್ಲಿ ಪಾಳಿ ಕೆಲಸ. ಎಲ್ಲಿ ಬಸ್ ಬದಲಿಸುತ್ತೇವೆ ಅನ್ನುವುದು ನನಗೆ ನಿಮಿಷಕ್ಕಿಂತ ಮುಖ್ಯ. ಮ್ಯಾಪ್ ತೋರಿಸುವ ಜಾಗ ಎಷ್ಟೋ ಸಲ ಫ್ಲೈಓವರ್ ಕೆಳಗೆ, ದೀಪ ಇಲ್ಲ, ಕೂರಲು ಏನೂ ಇಲ್ಲ, ರಸ್ತೆ ದಾಟಲು ಸುತ್ತು ಹಾಕಬೇಕು. ಅದಕ್ಕಿಂತ ಎರಡು ಸ್ಟಾಪ್ ಮುಂದೆ ಹೋಗಿ, ತೆರೆದ ಅಂಗಡಿಗಳಿರುವ ಕಡೆ ಇಳಿದು, ಅಲ್ಲೇ ಮುಂದಿನ ಬಸ್ ಹಿಡಿಯುತ್ತೇನೆ. ಇಳಿದ ಸ್ಟಾಪಿನಲ್ಲೇ ಹತ್ತುವ ಹಾಗಿದ್ದರೆ ಬಹಳ ಒಳ್ಳೆಯದು. ನಿಮಗೆ ಕಣ್ಣಿನ ತೊಂದರೆ ಇರುವುದರಿಂದ ಇದು ಇನ್ನೂ ಮುಖ್ಯ ಅನಿಸುತ್ತದೆ.

ಕೊನೇ ಬಸ್ ಎಷ್ಟಕ್ಕೆ ಅಂತ ಎಲ್ಲರೂ ಕೇಳುತ್ತಾರೆ. ಕೊನೆಯದಕ್ಕಿಂತ ಹಿಂದಿನದು ಎಷ್ಟಕ್ಕೆ ಅಂತ ಕೇಳಿ. ಅದೇ ನಿಮ್ಮ ಬಸ್. ಕೊನೆಯದು ಬರದೇ ಹೋದರೆ ಅದರ ಹಿಂದೆ ಏನೂ ಇಲ್ಲ.

ತಡವಾದ ದಿನ ಟ್ಯಾಕ್ಸಿ ಬೇಕಾದರೆ ಆಫೀಸಿನಿಂದ ಮನೆತನಕ ಮಾಡಬೇಡಿ. ಮೆಟ್ರೋದಲ್ಲಿ ಬಂದು ಕೊನೆಯ 3 ಕಿಲೋಮೀಟರ್‌ಗೆ ಮಾತ್ರ ಮಾಡಿ. ದಿನಾ ಅದೇ ರೈಲಿನಲ್ಲಿ ಇಳಿಯುವ ನಿಮ್ಮ ಬಡಾವಣೆಯವರು ಒಬ್ಬಿಬ್ಬರಾದರೂ ಇರುತ್ತಾರೆ. ನಾವು ಹಾಗೇ ಪರಿಚಯವಾಗಿ ಈಗ ಮೂರು ಜನ ಒಂದೇ ಟ್ಯಾಕ್ಸಿಯಲ್ಲಿ ಬರುತ್ತೇವೆ.

ಎರಡು ಗಾಲಿ:
ಪ್ರಶ್ನೆ ಕೇಳಿದವರಿಗೆ ಇದು ಆಗಲ್ಲ ಅಂತ ಗೊತ್ತು, ಓದುವ ಬೇರೆಯವರಿಗೆ ಹೇಳುತ್ತಿದ್ದೇನೆ. 3 ಕಿಲೋಮೀಟರ್ ನಡೆದರೆ 35-40 ನಿಮಿಷ, ಸೈಕಲ್‌ನಲ್ಲಿ ಸುಮಾರು 12-15. ಸ್ಟೇಷನ್ ಹತ್ತಿರ ಹಳೇ ಸೈಕಲ್ ನಿಲ್ಲಿಸಿ, ಹೊಸದು ನಿಲ್ಲಿಸಿದರೆ ದಿನವಿಡೀ ಅದರದ್ದೇ ಚಿಂತೆ. ಚಕ್ರ ಮತ್ತು ಚೌಕಟ್ಟು ಎರಡನ್ನೂ ಸೇರಿಸಿ ಬೀಗ ಹಾಕಿ.

ಸ್ಟಾಪ್ ಸಂಘ:
ದೂರು ಕೊಟ್ಟು ಪ್ರಯೋಜನ ಇಲ್ಲ ಅಂತ ಯಾರಾದರೂ ಹೇಳುವ ಮೊದಲೇ ನಮ್ಮ ಕಥೆ ಹೇಳಿಬಿಡುತ್ತೇನೆ. "ನಮ್ಮ ಏರಿಯಾಗೆ ಬಸ್ ಸಾಲದು" ಅಂತ ಬರೆದಾಗೆಲ್ಲ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ಬರುತ್ತಿತ್ತು. ಆಮೇಲೆ ಸ್ಟಾಪಿನಲ್ಲಿ ದಿನಾ ಸಿಗುವವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ನಿಯಮ ಒಂದೇ: ಬಸ್ ಬಂದ ಕೂಡಲೇ ನಂಬರ್, ಯಾವ ಕಡೆಗೆ, ಎಷ್ಟು ಗಂಟೆ. ಬೈಗುಳ, ರಾಜಕೀಯ, ಗುಡ್ ಮಾರ್ನಿಂಗ್ ಯಾವುದೂ ಬೇಡ. (ಗುಡ್ ಮಾರ್ನಿಂಗ್ ತಡೆಯಲು ಆಗಲಿಲ್ಲ.) ಕೆಲವು ವಾರಗಳ ಪಟ್ಟಿ ನೋಡಿದರೆ ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ ಪ್ರತಿದಿನ ಒಂದೇ ಟ್ರಿಪ್ ತಪ್ಪುತ್ತಿತ್ತು. ಸಂಜೆ ಎರಡು ನಂಬರಿನ ಬಸ್ಸುಗಳು ಹೊರಡುವ ಜಾಗದಿಂದಲೇ ಒಟ್ಟಿಗೆ ಹೊರಡುತ್ತಿದ್ದವು, ನಮ್ಮ ರಸ್ತೆಯಲ್ಲಿ ಎರಡಕ್ಕೂ ದಾರಿ ಒಂದೇ.

ನಾವು ಹೊಸ ಬಸ್ ಕೇಳಲಿಲ್ಲ. ಒಂದನ್ನು 15 ನಿಮಿಷ ಮುಂದೆ ಹಾಕಿ ಅಂತ ಮಾತ್ರ ಕೇಳಿದೆವು. ಅವರಿಗೆ ಖರ್ಚಿಲ್ಲದ ಕೆಲಸ, ಮಾಡಿದರು. ಮಧ್ಯಾಹ್ನದ ಟ್ರಿಪ್ ಮಾತ್ರ ಇವತ್ತಿಗೂ ಸರಿಯಾಗಿಲ್ಲ.

ಇರುವ ಬಸ್ಸನ್ನೇ ಸರಿಯಾಗಿ ಹಂಚಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ಹ್ಯೂಸ್ಟನ್ ಇದೆ. ಅಲ್ಲಿ 2015ರ ಆಗಸ್ಟ್‌ನಲ್ಲಿ ಇಡೀ ಊರಿನ ಬಸ್ ಮಾರ್ಗಗಳನ್ನು ಒಂದೇ ರಾತ್ರಿಯಲ್ಲಿ ಬದಲಿಸಿದರು. ಸುತ್ತಿ ಬಳಸಿ ಹೋಗುವ ರೂಟ್‌ಗಳನ್ನು ಕಡಿಮೆ ಮಾಡಿ, ಮುಖ್ಯ ರಸ್ತೆಗಳಲ್ಲಿ ಭಾನುವಾರವೂ ಸೇರಿ 15 ನಿಮಿಷಕ್ಕೊಂದು ಬರುವ ಹಾಗೆ ಮಾಡಿದರು. ಸ್ಪೇನಿನ ಬಾರ್ಸಿಲೋನಾದಲ್ಲಿ 2012ರಿಂದ 2018ರವರೆಗೆ ಹಂತ ಹಂತವಾಗಿ ಅಡ್ಡ, ಉದ್ದ ಗೆರೆ ಎಳೆದ ಹಾಗೆ ರೂಟ್ ಹಾಕಿದರು, ಒಂದು ಸಲ ಬದಲಿಸಿದರೆ ಬಹುತೇಕ ಎಲ್ಲಿಗೂ ಹೋಗಬಹುದು. ಆದರೆ ಬದಲಿಸಿದಾಗ ಮತ್ತೆ ಪೂರ್ತಿ ಟಿಕೆಟ್ ತೆಗೆದುಕೊಳ್ಳಬೇಕು ಅಂದರೆ ಜನ ಒಪ್ಪುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 2004ರ ಜುಲೈಯಲ್ಲಿ ಅದನ್ನೇ ಸರಿ ಮಾಡಿದರು, ಬಸ್ಸಿಗೂ ಮೆಟ್ರೋಗೂ ಸೇರಿ ಒಟ್ಟು ದೂರಕ್ಕೆ ಒಂದೇ ದರ. ನಿಮ್ಮಲ್ಲಿ ದಿನದ ಪಾಸೋ ತಿಂಗಳ ಪಾಸೋ ಇದ್ದರೆ ಅದನ್ನೇ ಮಾಡಿಸಿ, ಆಗ ಬಸ್ ಬದಲಿಸಲು ಕೈ ಹಿಂದೆಮುಂದೆ ನೋಡುವುದಿಲ್ಲ.

ಕಾಯ್ತಾ ಇರೋನು:
ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಸಂಜೆ ಮುಖ್ಯ ರಸ್ತೆಯ ದಾರಿಯಲ್ಲೇ ಬರುತ್ತಿದ್ದೇನೆ. ಬಸ್ ಪರವಾಗಿಲ್ಲ, ಆದರೆ ಆ 14 ನಿಮಿಷದ ನಡಿಗೆಯಲ್ಲಿ ಅರ್ಧ ದಾರಿಗೆ ಫುಟ್‌ಪಾತ್ ಇಲ್ಲ, ಕತ್ತಲಲ್ಲಿ ನನಗೆ ಕಷ್ಟ. ಹಾಗಾಗಿ ಮನೆ ಬದಲಿಸುವುದೇ ಸರಿ ಅನಿಸುತ್ತಿದೆ. ಆಫೀಸಿಗೆ ಹತ್ತಿರ ಹೋಗುವಷ್ಟು ಬಾಡಿಗೆ ಕೊಡಲು ಆಗುವುದಿಲ್ಲ. ಮನೆ ನೋಡುವಾಗ ಏನೇನು ಗಮನಿಸಲಿ?

ಕಿಟಕಿ ಸೀಟು:
ಆಫೀಸಿಗೆ ಹತ್ತಿರ ಬೇಡ, ಮುಖ್ಯ ರಸ್ತೆಗೆ ಹತ್ತಿರ ಹೋಗಿ. ಈಗಿರುವ ಬಡಾವಣೆಯಲ್ಲೇ ಆ ಕಡೆಯ ಅಂಚಿಗೆ ಬಂದರೂ ಸಾಕು. ಸ್ಟಾಪ್‌ನಿಂದ ನಡಿಗೆ 400 ಮೀಟರ್ ಒಳಗಿರಲಿ, ಅಂದರೆ ಸುಮಾರು 5 ನಿಮಿಷ. ಮ್ಯಾಪ್‌ನಲ್ಲಿ ನೇರ ಗೆರೆ ಎಳೆದು ಅಳೆಯಬೇಡಿ, ಮಧ್ಯೆ ಕಾಂಪೌಂಡ್ ಗೋಡೆಯೋ ರೈಲ್ವೆ ಹಳಿಯೋ ಇದ್ದರೆ 400 ಮೀಟರ್ ಹೋಗಿ ಒಂದೂವರೆ ಕಿಲೋಮೀಟರ್ ಆಗುತ್ತದೆ. ಹೋಗುವ ಸ್ಟಾಪ್ ಅಷ್ಟೇ ಅಲ್ಲ, ಬಂದು ಇಳಿಯುವ ಸ್ಟಾಪ್ ರಸ್ತೆಯ ಯಾವ ಕಡೆ ಇದೆ, ಅಲ್ಲಿಂದ ದಾಟುವುದು ಹೇಗೆ ಅಂತಲೂ ನೋಡಿ.

"ಇಲ್ಲಿ ಹತ್ತಾರು ನಂಬರಿನ ಬಸ್ ಬರುತ್ತವೆ" ಅಂದರೆ ಖುಷಿಪಡಬೇಡಿ. ಅದರಲ್ಲಿ ನೀವು ಬಸ್ ಬದಲಿಸುವ ಜಾಗಕ್ಕೆ ಹೋಗುವವು ಎಷ್ಟು, ಅಷ್ಟೇ ನಿಮ್ಮ ಲೆಕ್ಕಕ್ಕೆ. ಮ್ಯಾಪ್ ತೋರಿಸುವ ಸಮಯವನ್ನೂ ಪೂರ್ತಿ ನಂಬಬೇಡಿ. ಲೈವ್ ಅಂತ ಇಲ್ಲದಿದ್ದರೆ ಅದು ಟೈಮ್ ಟೇಬಲ್‌ನಲ್ಲಿ ಬರೆದದ್ದು ಅಷ್ಟೇ, ಬಸ್ ಡಿಪೋ ಬಿಟ್ಟಿದೆಯೋ ಇಲ್ಲವೋ ಅದಕ್ಕೇನು ಗೊತ್ತು.

ಮನೆ ಮಾಲೀಕರು ಶನಿವಾರ ಬೆಳಿಗ್ಗೆ ಬನ್ನಿ ಅನ್ನುತ್ತಾರೆ. ಹೋಗಿ, ಮನೆ ನೋಡಿ. ಅಡ್ವಾನ್ಸ್ ಕೊಡುವ ಮೊದಲು ಭಾನುವಾರ ಸಂಜೆ ಒಮ್ಮೆ, ವಾರದ ದಿನ ನಿಮ್ಮ ಆಫೀಸ್ ಬಿಡುವ ಹೊತ್ತಿಗೆ ಒಮ್ಮೆ, ಆಫೀಸಿನಿಂದಲೇ ಹೊರಟು ಬಸ್ಸಿನಲ್ಲೇ ಆ ಮನೆ ಬಾಗಿಲ ತನಕ ಬಂದು ನೋಡಿ.

ರಾತ್ರಿ ಪಾಳಿ:
ಅದರ ಜೊತೆ ಮಳೆ ಬರುವ ದಿನ ಒಮ್ಮೆ. ಸ್ಟಾಪಿಗೆ ಸೂರು ಇದೆಯಾ, ನೀರು ಎಲ್ಲಿ ನಿಲ್ಲುತ್ತದೆ ಆಗಲೇ ಗೊತ್ತಾಗುವುದು. ಆ ಫುಟ್‌ಪಾತ್ ಇಲ್ಲದ ಜಾಗದ ಫೋಟೋ ತೆಗೆದು ದೂರು ಹಾಕಿ, ನೀವು ಮನೆ ಬಿಟ್ಟರೂ ಅಲ್ಲಿ ಬೇರೆಯವರು ನಡೆಯುತ್ತಾರೆ.

ಅರ್ಜೆಂಟ್ ಆಸಾಮಿ:
ಸಾರಿ, ಈಗ ಪೂರ್ತಿ ಓದಿದೆ. ಹಳೇ ಶೆಡ್ಯೂಲ್ ಅವರೇ, ನಮ್ಮ ಸ್ಟಾಪಿನಲ್ಲೂ ಮಧ್ಯಾಹ್ನ 2ರಿಂದ 3ರವರೆಗೆ ಒಂದೂ ಬಸ್ ಇರಲ್ಲ. ಅದೂ ಶಿಫ್ಟ್ ಬದಲಾವಣೆಯಾ?

ಹಳೇ ಶೆಡ್ಯೂಲ್:
ಇರಬಹುದು. ದಿನಾ ಅದೇ ಹೊತ್ತಿಗೆ ಆದರೆ ಶಿಫ್ಟ್, ಒಂದೊಂದು ದಿನ ಒಂದೊಂದು ಹೊತ್ತಿಗೆ ಆದರೆ ಟ್ರಾಫಿಕ್. ಒಂದು ವಾರ ಬರೆದಿಟ್ಟು ಇಲ್ಲೇ ಹಾಕಿ, ನೋಡೋಣ.